ಶಾಶ್ವತ ಕೃಷಿಯೂ ದಖ್ಖನದ ಒಣನೆಲವೂ: ಬೀದರ–ಜಹೀರಾಬಾದು ಸೀಮೆಯ ಇತಿಹಾಸದಿಂದ

೧೯೫೬ರ ನವೆಂಬರ್ ೧ರಂದು ಜಾರಿಗೆ ಬಂದ ರಾಜ್ಯ ಪುನರ್ವಿಂಗಡಣೆಯ ಶಾಸನವು ಹೈದರಾಬಾದು ರಾಜ್ಯದ ಬೀದರ ಜಿಲ್ಲೆಯನ್ನು ಮೂರು ಪಾಲು ಮಾಡಿತು. ಬೀದರ, ಭಾಲ್ಕಿ, ಹುಮನಾಬಾದು, ಔರಾದು ಕಡೆಯ ಸೀಮೆ ಮೈಸೂರು ರಾಜ್ಯಕ್ಕೆ ಬಂದಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದುವು. ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತವೊಂದನ್ನುಳಿದು ಮಿಕ್ಕ ಜಹೀರಾಬಾದು ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ವೃತ್ತ, ಇವಿಷ್ಟೂ ಆಂಧ್ರಪ್ರದೇಶದ ಮೇದಕ ಜಿಲ್ಲೆಗೆ ಸೇರಿದುವು. ಆ ಭಾಗವು ೨೦೧೪ರಲ್ಲಿ ತೆಲಂಗಾಣ ರಾಜ್ಯಕ್ಕೂ ೨೦೧೬ರಲ್ಲಿ ಸಂಗಾರೆಡ್ಡಿ ಜಿಲ್ಲೆಗೂ ಒಳಪಟ್ಟಿತು. ಭಾಷೆಯನ್ನು ನೋಡಿ ಎಳೆದ ಗೆರೆಯು ಮಣ್ಣನ್ನು ನೋಡಿ ಎಳೆದದ್ದಲ್ಲ. ಗಡಿಯ ಎರಡು ಪಕ್ಕಗಳಲ್ಲಿಯೂ ಅದೇ ಕೆಂಪು ದಿಣ್ಣೆ, ಅದೇ ಎರೆಹೊಲ, ಅದೇ ಜೋಳ ಮತ್ತು ತೊಗರಿ. ಝರಾಸಂಗಮದ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಕನ್ನಡ ನಾಡಿನ ಭಕ್ತರು ಇಂದಿಗೂ ಗಡಿ ದಾಟಿ ಹೋಗುತ್ತಾರೆ.

ಒಣನೆಲದ ಬೇಸಾಯ ಹಾಗೂ ಗೃಹನಿರ್ಮಾಣಗಳ ವಿಷಯದಲ್ಲಿ ಈಚಿನ ದಶಕಗಳಲ್ಲಿ ಜಗತ್ತಿನ ಗಮನವನ್ನು ಸೆಳೆದಿರುವ ‘ಪರ್ಮಾಕಲ್ಚರ್’ ಅಥವಾ ಶಾಶ್ವತ ಕೃಷಿಯೆಂಬ ತತ್ತ್ವವು ಭಾರತದಲ್ಲಿ ಮೊದಲು ಬೇರೂರಿದ ಸ್ಥಳಗಳಲ್ಲಿ ಈ ಜಹೀರಾಬಾದು ಸೀಮೆಯೂ ಒಂದು. ದಕ್ಷಿಣ ಗೋಳಾರ್ಧದ ಟಾಸ್ಮೇನಿಯಾ ದ್ವೀಪದಲ್ಲಿ ಹುಟ್ಟಿದ ಆ ಹೆಸರಿಗೆ ಇಲ್ಲಿ ನೆಲೆ ದೊರೆತುದು ಹೇಗೆ? ಅದರಲ್ಲಿ ‘ಶಾಶ್ವತ’ವೆಂಬ ಮಾತಿನ ಅರ್ಥವೇನು? ಒಮ್ಮೆ ಕಟ್ಟಿದರೆ ಕೆಡದೆ ನಿಲ್ಲುವುದೇ ಶಾಶ್ವತವೆಂದಾದರೆ ಒಣನೆಲದಲ್ಲಿ ಅಂತಹ ವಸ್ತು ಯಾವುದೂ ಇಲ್ಲ. ಒಡ್ಡು ಒಡೆಯುತ್ತದೆ, ಕೆರೆ ಹೂಳುತ್ತದೆ, ಮಣ್ಣಿನ ಮಾಳಿಗೆ ಸೋರುತ್ತದೆ, ಬೀಜ ಮುಗ್ಗುತ್ತದೆ. ಇವನ್ನು ಕಾಲಕಾಲಕ್ಕೆ ಸರಿಪಡಿಸುವ ಹೊಣೆ ಯಾರದು, ಆ ಹೊಣೆಗೆ ಪ್ರತಿಫಲವೇನು ಎಂಬ ಕಟ್ಟುಪಾಡು ಉಳಿದಷ್ಟು ಕಾಲ ವ್ಯವಸ್ಥೆಯೂ ಉಳಿದಿದೆ. ಕಟ್ಟುಪಾಡು ತಪ್ಪಿದೊಡನೆ ಅದೂ ಅಳಿದಿದೆ. ಈ ಸೀಮೆಯ ಇತಿಹಾಸದಿಂದ ಹೊರಡುವ ಮುಖ್ಯವಾದ ಪಾಠವಿದು.

ನೆಲದ ಗುಣ

ಬೀದರದ ಪ್ರಸ್ಥಭೂಮಿಗೆ ವರ್ಷಕ್ಕೆ ಸರಾಸರಿ ೮೫೦ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ೬೦೦ ಮಿಲಿಮೀಟರನ್ನೂ ಮುಟ್ಟದ ಬಿಜಾಪುರಕ್ಕೆ ಹೋಲಿಸಿದರೆ ಇದು ಬರಗಾಲದ ಸೀಮೆಯೇ ಅಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಒಣನೆಲವೆಂಬುದನ್ನು ಮಳೆಯ ಮೊತ್ತವೊಂದರಿಂದಲೇ ಅಳೆಯಲಾಗದು. ಮಳೆಯ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಕೆಲವೇ ದಿನಗಳಲ್ಲಿ ಸುರಿದುಹೋಗುತ್ತದೆ. ಎರಡು ಮಳೆಗಳ ನಡುವಣ ಬಿಡುವು ಎಷ್ಟು ವಾರಗಳಾದೀತೆಂಬುದನ್ನು ಯಾರೂ ಹೇಳಲಾರರು. ಅದಕ್ಕೂ ಮಿಗಿಲಾಗಿ, ದಿಣ್ಣೆಯ ಮೇಲಣ ಜಂಬಿಟ್ಟಿಗೆಯ ಪದರವು ರಂಧ್ರಮಯವಾದುದು. ಬಿದ್ದ ನೀರನ್ನು ಹಿಡಿದಿಡದೆ ಕೆಳಕ್ಕೆ ಬಿಟ್ಟುಬಿಡುತ್ತದೆ. ಆ ನೀರು ಕೆಳಗಿರುವ ಕರಿಯ ಬಂಡೆಯ ಪದರವನ್ನು ಮುಟ್ಟಿದಾಗ ಮುಂದಕ್ಕೆ ಇಳಿಯಲಾರದೆ ಅಡ್ಡಕ್ಕೆ ಹರಿದು, ದಿಣ್ಣೆಯ ಅಂಚಿನಲ್ಲಿ ಊಟೆಯಾಗಿ ಹೊರಬೀಳುತ್ತದೆ. ಬೀದರದ ನಾನಕ ಝರಾ, ಝರಣಿ ನರಸಿಂಹನ ಗುಹೆಯ ನೀರು ಇವೆಲ್ಲ ಈ ಭೂರಚನೆಯ ಫಲಗಳೇ. ಮೇಲೆ ಹೊಲ ಒಣಗಿ ಬಿರಿದಿರುವಾಗಲೂ ಕೆಳಗೆ ನೀರು ಹರಿಯುತ್ತಿರುವುದು ಈ ನೆಲದ ವೈಶಿಷ್ಟ್ಯ.

ದಿಣ್ಣೆಯಿಂದ ಇಳಿದರೆ ಎರೆಭೂಮಿ. ಎರೆಯ ಗುಣ ಇದಕ್ಕೆ ವ್ಯತಿರಿಕ್ತ. ಅದು ಮಳೆಗಾಲದ ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಮಳೆ ನಿಂತ ಮೇಲೆ ಬಿತ್ತಿದ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ, ಅಗಸೆಗಳು ಒಂದು ಹನಿಯೂ ಬೀಳದಿದ್ದರೂ ಆ ಹಸಿಯಿಂದಲೇ ಬೆಳೆದು ಬರುತ್ತವೆ. ಜಹೀರಾಬಾದಿನ ಕಡೆಯ ಹೆಂಗಸರು ಮಂಜಿನ ತೇವವನ್ನೂ ನೆಲದ ಹಸಿಯನ್ನೂ ನಂಬಿ ಬೆಳೆಯುವ ಇಂತಹ ಬೆಳೆಗಳನ್ನು ‘ಸತ್ಯಂ ಪಂಟಲು’, ಎಂದರೆ ಸತ್ಯದ ಬೆಳೆಗಳು, ಎನ್ನುತ್ತಾರೆ. ನೀರು ಗೊಬ್ಬರಗಳನ್ನು ಕೇಳದೆ ಕೊಟ್ಟ ಮಾತಿಗೆ ತಪ್ಪದ ಬೆಳೆಯೆಂಬುದು ಆ ಹೆಸರಿನ ತಾತ್ಪರ್ಯ.

ಹಿಂದಿನವರ ಏರ್ಪಾಡು

ನೀರು, ಗಿಡ, ಮನೆ ಇವುಗಳನ್ನು ಬೇರೆ ಬೇರೆ ಶಾಸ್ತ್ರಗಳನ್ನಾಗಿ ಒಡೆಯದೆ ಒಂದೇ ಬಾಳುವೆಯ ಅಂಗಗಳೆಂದು ಎಣಿಸುವುದು ಶಾಶ್ವತ ಕೃಷಿಯ ಮೊದಲ ಲಕ್ಷಣ. ಕನ್ನಡಕ್ಕೆ ಈ ದೃಷ್ಟಿ ಹೊಸತಲ್ಲ. ಕಲ್ಯಾಣ ಚಾಲುಕ್ಯ ಚಕ್ರವರ್ತಿ ಎರಡನೆಯ ಜಯಸಿಂಹನ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ಚಾವುಂಡರಾಯನೆಂಬ ಕವಿ ರಚಿಸಿದ ‘ಲೋಕೋಪಕಾರ’ದಲ್ಲಿ ವಾಸ್ತು, ಅಂತರ್ಜಲವನ್ನು ಗುರುತಿಸುವ ಉದಕಾರ್ಗಳ, ವೃಕ್ಷಾಯುರ್ವೇದ, ಸೂಪಶಾಸ್ತ್ರ, ವೈದ್ಯ ಮೊದಲಾದ ವಿಷಯಗಳು ಒಂದೇ ಗ್ರಂಥದ ಅಧ್ಯಾಯಗಳಾಗಿ ಬಂದಿವೆ. ಮನೆ ಕಟ್ಟುವವನು ನೀರನ್ನೂ, ತೋಟ ಮಾಡುವವನು ಅಡುಗೆಮನೆಯನ್ನೂ ಬಲ್ಲವನಾಗಿರಬೇಕೆಂಬುದು ಅದರ ವಿನ್ಯಾಸದಿಂದಲೇ ತಿಳಿದುಬರುತ್ತದೆ. ಈ ಗ್ರಂಥವು ೧೯೫೦ರಲ್ಲಿ ಮದರಾಸಿನಲ್ಲಿ ಅಚ್ಚಾದುದೂ, ಅದರ ಇಂಗ್ಲಿಷ್ ಅನುವಾದವು ೨೦೦೬ರಲ್ಲಿ ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಷನ್ ಮೂಲಕ ಹೊರಬಂದುದೂ ಹೊರನಾಡ ಕನ್ನಡಿಗರು ನೆನೆಯತಕ್ಕ ಸಂಗತಿಗಳು.

ಗ್ರಂಥದಿಂದ ನೆಲಕ್ಕೆ ಇಳಿದರೆ, ಬೀದರದಲ್ಲಿ ಎದುರಾಗುವುದು ಕಾರೇಜು. ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದಲ್ಲಿ ಗುಲಬರ್ಗಾದಿಂದ ಬೀದರಕ್ಕೆ ರಾಜಧಾನಿಯನ್ನು ವರ್ಗಾಯಿಸಿದ ಮೇಲೆ ಪಾರಸಿ ದೇಶದ ಈ ಜಲವಿದ್ಯೆ ಇಲ್ಲಿ ಆಚರಣೆಗೆ ಬಂದಿತು. ನೆಲದಡಿಯ ನೀರಿನ ಮಟ್ಟವನ್ನು ಹಿಡಿದು ಒಂದು ಸುರಂಗವನ್ನು ಬಹು ಸಣ್ಣ ಇಳಿಜಾರಿನಲ್ಲಿ ಕೊರೆಯುತ್ತಾರೆ; ಅದರ ಮೇಲೆ ಅಂತರಂತರಕ್ಕೆ ಬಾವಿಯಂತಹ ಗಾಳಿಗಂಡಿಗಳನ್ನು ಬಿಡುತ್ತಾರೆ; ನೀರು ಯಾವ ಯಂತ್ರದ ನೆರವೂ ಇಲ್ಲದೆ, ಬಿಸಿಲಿಗೆ ಆವಿಯಾಗದೆ, ತಾನಾಗಿ ಹರಿದು ಬರುತ್ತದೆ. ಜಂಬಿಟ್ಟಿಗೆಯೂ ಕರಿಯ ಬಂಡೆಯೂ ಕೂಡುವ ಎಡೆಯನ್ನೇ ಸುರಂಗಕ್ಕೆ ಆರಿಸಿಕೊಂಡುದು ಪರದೇಶದ ವಿದ್ಯೆಯನ್ನು ಈ ನೆಲದ ಗುಣಕ್ಕೆ ಒಗ್ಗಿಸಿಕೊಂಡ ಜಾಣ್ಮೆಗೆ ಸಾಕ್ಷಿ. ಗಾಳಿಗಂಡಿಗಳ ಇನ್ನೊಂದು ಉಪಯೋಗವನ್ನು ಮರೆಯಬಾರದು. ಸುರಂಗದಲ್ಲಿ ಸೇರಿದ ಹೂಳನ್ನು ಮೇಲೆತ್ತುವ ದಾರಿಯೂ ಅದೇ. ಕಟ್ಟಿದವರು ದುರಸ್ತಿಯನ್ನು ಕಟ್ಟಡದ ಒಳಗೇ ಸೇರಿಸಿ ಕಟ್ಟಿದ್ದರು. ಮುಂದೆ ಅದನ್ನು ಎತ್ತುವವರಿಲ್ಲವಾದಾಗ ಅವೇ ಗಂಡಿಗಳು ಕಸ ತುಂಬುವ ಗುಂಡಿಗಳಾದುವು. ನೌಬಾದಿನ ಕಾರೇಜಿನ ಹೂಳನ್ನು ತೆಗೆಸುವ ಕೆಲಸಕ್ಕೆ ೨೦೧೫ರ ಹೊತ್ತಿಗಷ್ಟೇ ಕೈಹಾಕಲಾಯಿತು.

ಕೆರೆಗಳ ವಿಷಯದಲ್ಲಿ ಈ ಮಾತು ಇನ್ನೂ ಸ್ಪಷ್ಟ. ಕನ್ನಡ ಶಾಸನಗಳಲ್ಲಿ ಕಾಣುವ ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಮೊದಲಾದ ಮಾತುಗಳು ಕೆರೆಯನ್ನು ಕಟ್ಟಿದ ಹಾಗೂ ಕಾಪಾಡಿದ ಹೊಣೆಗೆ ಪ್ರತಿಯಾಗಿ ಭೂಮಿಯನ್ನೋ ಬೆಳೆಯ ಪಾಲನ್ನೋ ಕೊಡುವ ಏರ್ಪಾಡುಗಳನ್ನು ಸೂಚಿಸುತ್ತವೆ. ಹೂಳು ಸಾಗಿಸುವ ಬಂಡಿಯ ವೆಚ್ಚಕ್ಕೆಂದೇ ದತ್ತಿ ಬಿಟ್ಟ ಉದಾಹರಣೆಗಳೂ ಇವೆ. ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಭಾಸ್ಕರ ಎಂಬ ರಾಜಪುತ್ರನು ೧೩೬೯ರಲ್ಲಿ ನಿಲ್ಲಿಸಿದ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಒದಗಬಹುದಾದ ಆರು ದೋಷಗಳನ್ನೂ ಎಣಿಸುತ್ತದೆ. ಏರಿ ಜಿನುಗುವುದು, ನೆಲ ಸವುಳಾಗಿರುವುದು ಎಂಬ ಭೌತಿಕ ದೋಷಗಳ ಜತೆಯಲ್ಲಿಯೇ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದನ್ನೂ ಆ ಶಾಸನ ದೋಷವೆಂದಿದೆ. ಆಗಿನ ಜಲತಜ್ಞರ ಲೋಕಾನುಭವ ಎಷ್ಟರದೆಂಬುದು ಇದರಿಂದ ವ್ಯಕ್ತವಾಗುತ್ತದೆ. ಹೊಣೆ ಇಬ್ಬರದಾದ ಕಡೆ ಅದು ಯಾರದೂ ಆಗದೆ ಉಳಿಯುವುದೆಂದು ಅವರು ಬಲ್ಲವರಾಗಿದ್ದರು.

ಕ್ಷಾಮ, ಸರಕಾರ ಮತ್ತು ಒಡ್ಡು

೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ, ಬಿಜಾಪುರ, ರಾಯಚೂರು ಪ್ರದೇಶಗಳು ಪಟ್ಟ ಪಾಡು ಸರ್ವವಿದಿತವಾಗಿದೆ. ೧೮೯೬–೯೭ ಮತ್ತು ೧೮೯೯–೧೯೦೦ರ ಕ್ಷಾಮಗಳು ಆ ನೆನಪನ್ನು ಮಾಸಲು ಬಿಡಲಿಲ್ಲ. ಕಾಲುವೆ ತಲುಪದ ನೆಲಕ್ಕೆ ಏನು ಗತಿಯೆಂಬ ಪ್ರಶ್ನೆಯನ್ನು ಸರಕಾರವು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡುದು ಇಪ್ಪತ್ತನೆಯ ಶತಮಾನದಲ್ಲಿ. ೧೯೨೩ರಲ್ಲಿ ಪುಣೆಯ ಸಮೀಪದ ಮಂಜರಿಯಲ್ಲಿ ಪ್ರಯೋಗಗಳು ಮೊದಲಾದುವು. ಅನಂತರ ಇಂಪೀರಿಯಲ್ ಕೃಷಿ ಸಂಶೋಧನ ಮಂಡಲಿಯು ೧೯೩೩ರಿಂದ ೧೯೩೫ರೊಳಗೆ ಸೊಲ್ಲಾಪುರ, ಬಿಜಾಪುರ, ರಾಯಚೂರು, ಬಳ್ಳಾರಿಯ ಬಳಿಯ ಹಗರಿ ಮತ್ತು ರೋಹ್ಟಕ್ ಎಂಬ ಐದೆಡೆಗಳಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರಗಳನ್ನು ತೆರೆಯಿತು. ಐದರಲ್ಲಿ ಮೂರು ಕನ್ನಡ ನೆಲದಲ್ಲಿಯೂ, ನಾಲ್ಕನೆಯದು ಕನ್ನಡಿಗರು ಬಹುಸಂಖ್ಯೆಯಲ್ಲಿ ನೆಲಸಿರುವ ಸೊಲ್ಲಾಪುರದಲ್ಲಿಯೂ ಇದ್ದುವೆಂಬುದು ಗಮನಾರ್ಹ. ಭಾರತದ ಒಣಬೇಸಾಯ ಶಾಸ್ತ್ರವು ಮುಖ್ಯವಾಗಿ ಕನ್ನಡ ರೈತನ ಹೊಲದ ಅಂಚಿನಲ್ಲಿ ಬೆಳೆದುದೆಂದರೆ ಅತ್ಯುಕ್ತಿಯಾಗದು.

ಈ ಕೇಂದ್ರಗಳ ಅನುಭವದಿಂದ ರೂಪುಗೊಂಡುದು ‘ಮುಂಬಯಿ ಒಣಬೇಸಾಯ ಪದ್ಧತಿ’. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕುವುದು, ಕೆಲವು ವರ್ಷಕ್ಕೊಮ್ಮೆ ಆಳವಾಗಿ ಉಳುವುದು, ಕೊಟ್ಟಿಗೆ ಗೊಬ್ಬರ ಕೊಡುವುದು, ಬೀಜದ ಪ್ರಮಾಣವನ್ನು ಕಡಿಮೆ ಮಾಡಿ ಸಾಲುಗಳನ್ನು ದೂರ ಬಿಡುವುದು, ಎಡೆಕುಂಟೆಯನ್ನು ಮತ್ತೆ ಮತ್ತೆ ಆಡಿಸುವುದು, ಇವು ಅದರ ಸೂತ್ರಗಳು. ಇವುಗಳಲ್ಲಿ ಹಲವು ರೈತನಿಗೆ ಗೊತ್ತಿದ್ದವೇ. ಶಾಸ್ತ್ರಜ್ಞರು ಅಳತೆಯನ್ನೂ ಕಾರಣವನ್ನೂ ಕೂಡಿಸಿದರು.

೧೯೪೨ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯಿದೆಯ ಮೇರೆಗೆ ಸಮಪಾತಳಿ ಒಡ್ಡುಗಳ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಬರಗಾಲದ ಕಾಮಗಾರಿಯಾಗಿಯೂ ಮುಂದುವರಿಯಿತು. ಶಾಸ್ತ್ರದ ದೃಷ್ಟಿಯಿಂದ ಆ ಒಡ್ಡುಗಳು ನಿರ್ದುಷ್ಟವಾಗಿದ್ದುವು. ಆದರೆ ನೆಲದ ಪಾತಳಿಯನ್ನು ಅನುಸರಿಸುವ ಒಡ್ಡು ಹೊಲದ ಬದುವನ್ನು ಅನುಸರಿಸುವುದಿಲ್ಲ. ಅದು ಒಬ್ಬನ ಹೊಲವನ್ನು ಓರೆಯಾಗಿ ಸೀಳಿ, ಇನ್ನೊಬ್ಬನ ಹೊಲದಲ್ಲಿ ನೀರು ನಿಲ್ಲಿಸಿ, ಮೂರನೆಯವನ ಹೊಲದ ಅಂಚಿನಲ್ಲಿ ಕೊನೆಗೊಳ್ಳುತ್ತದೆ. ಕಟ್ಟಿದುದು ಸರಕಾರ; ಒಡೆದಾಗ ಕಟ್ಟಬೇಕಾದವರು ಮೂವರು. ರೈತನ ಮನಸ್ಸಿನಲ್ಲಿ ಅದು ತನ್ನ ಒಡ್ಡಾಗದೆ ಸರಕಾರದ ಒಡ್ಡಾಗಿಯೇ ಉಳಿದುದರಿಂದ ಅನೇಕ ಕಡೆ ಮೊದಲ ಬಿರುಕಿಗೆ ಮಣ್ಣು ಹಾಕುವವರಿಲ್ಲದೆ ಹೋಯಿತು.

ಟಾಸ್ಮೇನಿಯಾದಿಂದ ಬಂದ ಹೆಸರು

ಇದೇ ಅವಧಿಯಲ್ಲಿ ಹೊರಜಗತ್ತಿನಲ್ಲಿಯೂ ಕೃಷಿಯ ಸ್ಥಿರತೆಯ ಪ್ರಶ್ನೆ ಚಿಂತಕರನ್ನು ಕಾಡುತ್ತಿತ್ತು. ಅಮೆರಿಕದ ಮಣ್ಣಿನ ಶಾಸ್ತ್ರಜ್ಞ ಎಫ್. ಎಚ್. ಕಿಂಗರು ಚೀನ, ಕೊರಿಯ, ಜಪಾನು ದೇಶಗಳಲ್ಲಿ ಸಂಚರಿಸಿ ಬರೆದ ಗ್ರಂಥ ೧೯೧೧ರಲ್ಲಿ ಅವರ ಮರಣಾನಂತರ ಪ್ರಕಟವಾಯಿತು. ‘ಶಾಶ್ವತ ಕೃಷಿ’ಯೆಂಬ ಪದ ಅದರ ಉಪಶೀರ್ಷಿಕೆಯಲ್ಲಿಯೇ ಇದೆ. ಭೂಗೋಳಜ್ಞ ರಸೆಲ್ ಸ್ಮಿತ್ತರು ಇಳಿಜಾರು ನೆಲಗಳಿಗೆ ಮರಬೆಳೆಗಳೇ ಶಾಶ್ವತವೆಂದು ೧೯೨೯ರಲ್ಲಿ ವಾದಿಸಿದರು. ಆಲ್ಬರ್ಟ್ ಹೋವರ್ಡರು ಪೂಸಾದಲ್ಲಿಯೂ ಅನಂತರ ಇಂದೂರಿನಲ್ಲಿಯೂ ಕೆಲಸಮಾಡಿ, ಭಾರತದ ರೈತನನ್ನೇ ಗುರುವೆಂದು ಭಾವಿಸಿ, ಯಶವಂತ ವಾಡ್ ಅವರೊಡಗೂಡಿ ಇಂದೂರು ಗೊಬ್ಬರ ಪದ್ಧತಿಯನ್ನು ೧೯೩೧ರಲ್ಲಿ ಪ್ರಕಟಿಸಿದರು. ಆಸ್ಟ್ರೇಲಿಯದ ಒಣನೆಲದಲ್ಲಿ ಪಿ. ಎ. ಯೋಮನ್ಸರು ಮಳೆಯ ನೀರನ್ನು ಇಳಿಜಾರಿನ ಒಂದು ಗೊತ್ತಾದ ಗೆರೆಯಿಂದ ಹೊಲದ ಉದ್ದಗಲಕ್ಕೂ ಹಬ್ಬಿಸುವ ವಿಧಾನವನ್ನು ೧೯೫೪ರಲ್ಲಿ ಪುಸ್ತಕರೂಪದಲ್ಲಿ ವಿವರಿಸಿದರು.

ಈ ಎಳೆಗಳನ್ನೆಲ್ಲ ಕೂಡಿಸಿ ಒಂದು ವಿನ್ಯಾಸಶಾಸ್ತ್ರವನ್ನಾಗಿ ಮಾಡಿದವರು ಟಾಸ್ಮೇನಿಯಾದ ಬಿಲ್ ಮಾಲಿಸನ್ (೧೯೨೮–೨೦೧೬) ಹಾಗೂ ಆಗ ಅವರಿಗಿಂತ ಬಹಳ ಕಿರಿಯ ವಿದ್ಯಾರ್ಥಿಯಾಗಿದ್ದ ಡೇವಿಡ್ ಹೋಮ್‌ಗ್ರೆನ್. ಅವರ ಮೊದಲ ಗ್ರಂಥ ೧೯೭೮ರಲ್ಲಿ ಹೊರಬಂದಿತು. ಮನೆಯನ್ನು ನಡುವಿಟ್ಟು, ದಿನವೂ ಕೈ ಸೋಕಬೇಕಾದ ಗಿಡವನ್ನು ಹತ್ತಿರದಲ್ಲಿಯೂ ವರ್ಷಕ್ಕೊಮ್ಮೆ ನೋಡಿದರೆ ಸಾಕಾದುದನ್ನು ದೂರದಲ್ಲಿಯೂ ಇರಿಸುವುದು. ನೀರನ್ನು ಬಿದ್ದೆಡೆಯಲ್ಲಿಯೇ ನಿಧಾನಿಸಿ ಇಂಗಿಸುವುದು. ಒಂದರ ಕಸ ಇನ್ನೊಂದರ ಆಹಾರವಾಗುವಂತೆ ಜೋಡಿಸುವುದು. ಮಣ್ಣನ್ನು ಬಿಸಿಲಿಗೆ ಬರಿದಾಗಿ ಬಿಡದಿರುವುದು, ಇವು ಅದರ ಸಾರ. ಭೂಮಿಯ ಪಾಲನೆ, ಜನರ ಪಾಲನೆ, ಮಿಕ್ಕುದನ್ನು ಹಂಚುವುದು ಎಂಬ ಮೂರು ನೀತಿಗಳನ್ನು ಅವರು ಈ ಶಾಸ್ತ್ರಕ್ಕೆ ಬುನಾದಿಯನ್ನಾಗಿ ಇರಿಸಿದರು. ಈ ವಿದ್ಯೆಯ ಬಹುಭಾಗವನ್ನು ಆದಿವಾಸಿಗಳ ಹಾಗೂ ಹಳೆಯ ರೈತ ಸಮಾಜಗಳ ಬಾಳುವೆಯಿಂದಲೇ ಕಲಿತುದೆಂದು ಮಾಲಿಸನ್ನರು ಒಪ್ಪಿಕೊಂಡಿದ್ದರು. ಆದುದರಿಂದ ೧೯೮೦ರ ದಶಕದ ಉತ್ತರಾರ್ಧದಲ್ಲಿ ಅವರು ಭಾರತಕ್ಕೆ ಬಂದು ಈ ಶಾಸ್ತ್ರವನ್ನು ಬೋಧಿಸಿದಾಗ ಹೈದರಾಬಾದಿನ ಕಡೆಯ ಕೆಲವರಿಗೆ ಅದು ಪರಕೀಯವೆನಿಸಲಿಲ್ಲ.

ಪಸ್ತಾಪುರದ ಸಂಘಗಳು

ಹೈದರಾಬಾದಿನಿಂದ ಮುಂಬಯಿಗೆ ಹೋಗುವ ಹೆದ್ದಾರಿಯಲ್ಲಿ ಮೊದಲು ಸಿಗುವುದು ಪಟಾನ್‌ಚೆರು. ಒಣನೆಲದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆ ಇಕ್ರಿಸಾಟ್ ೧೯೭೨ರಲ್ಲಿ ಸ್ಥಾಪಿತವಾದುದು ಅಲ್ಲಿ. ಅದೇ ದಾರಿಯಲ್ಲಿ ಮುಂದೆ ಜಹೀರಾಬಾದು. ಅದರ ಮಗ್ಗುಲಿಗೆ ಪಸ್ತಾಪುರವೆಂಬ ಹಳ್ಳಿ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ೧೯೮೩ರಲ್ಲಿ ಕೆಲಸ ಆರಂಭಿಸಿದುದು ಈ ಹಳ್ಳಿಯನ್ನು ಕೇಂದ್ರವಾಗಿರಿಸಿಕೊಂಡು. ಅದರ ಸ್ಥಾಪಕರಲ್ಲಿ ಪ್ರಮುಖರಾಗಿ, ಕಡೆಯವರೆಗೂ ಅದನ್ನು ನಡೆಸಿದ ಪಿ. ವಿ. ಸತೀಶರು ೧೯೪೫ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಪತ್ರಿಕೋದ್ಯಮವನ್ನು ಕಲಿತು ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು. ಕನ್ನಡ ನಾಡಿನಿಂದ ಹೊರಗೆ ಹೋಗಿ, ಒಂದು ಕಾಲಕ್ಕೆ ಬೀದರ ಜಿಲ್ಲೆಗೇ ಸೇರಿದ್ದ ನೆಲದಲ್ಲಿ ನಾಲ್ಕು ದಶಕ ದುಡಿದು, ೨೦೨೩ರ ಮಾರ್ಚಿಯಲ್ಲಿ ಅವರು ತೀರಿಕೊಂಡರು. ಹೊರನಾಡ ಕನ್ನಡಿಗರ ಸಾಧನೆಗಳ ಪಟ್ಟಿಯಲ್ಲಿ ಸಾಹಿತಿಗಳ, ಕಲಾವಿದರ, ಉದ್ಯಮಿಗಳ ಹೆಸರುಗಳ ನಡುವೆ ಈ ಹೆಸರು ಅಪರೂಪವಾಗಿ ಕಾಣುತ್ತದೆ.

ಸೊಸೈಟಿಯು ಆರಂಭದಲ್ಲಿಯೇ ಕಂಡುಕೊಂಡ ಸಂಗತಿಯೆಂದರೆ ಹೊಲಗಳು ಬೀಳುಬೀಳುತ್ತಿರುವುದು. ೧೯೮೩ರಲ್ಲಿ ಆಂಧ್ರಪ್ರದೇಶದಲ್ಲಿ ಕಿಲೋ ಒಂದಕ್ಕೆ ೨ ರೂಪಾಯಿಯ ಅಕ್ಕಿಯ ಯೋಜನೆ ಜಾರಿಗೆ ಬಂದಿತು. ಹಸಿವನ್ನು ನೀಗಿಸುವ ಉದ್ದೇಶ ಶ್ಲಾಘ್ಯವೇ ಆಗಿದ್ದರೂ ಅದರಿಂದ ಒಣನೆಲಕ್ಕೆ ಒಂದು ಅನಪೇಕ್ಷಿತ ಪರಿಣಾಮವಾಯಿತೆಂದು ಸೊಸೈಟಿಯವರು ವಾದಿಸಿದರು. ನೀರಾವರಿ ಜಿಲ್ಲೆಗಳ ಅಕ್ಕಿ ಅಗ್ಗವಾಗಿ ಮನೆ ಬಾಗಿಲಿಗೆ ಬಂದಾಗ ದಿಣ್ಣೆಯ ಹೊಲದಲ್ಲಿ ಜೋಳ, ನವಣೆ, ಸಾವೆ ಬೆಳೆಯುವುದು ಯಾರಿಗೂ ಲಾಭವಾಗಿ ತೋರಲಿಲ್ಲ. ಉಳುಮೆ ನಿಂತ ಹೊಲದಲ್ಲಿ ಕೂಲಿಯೂ ಇಲ್ಲ, ಕೂಲಿಗೆ ಕಾಳಾಗಿ ಬರುತ್ತಿದ್ದ ಜೋಳವೂ ಇಲ್ಲ, ದನಕ್ಕೆ ಕಣಿಕೆಯೂ ಇಲ್ಲ. ಈ ನಷ್ಟವನ್ನು ಎಲ್ಲರಿಗಿಂತ ಮೊದಲು ಉಂಡವರು ಭೂಮಿಯಿಲ್ಲದ ಅಥವಾ ಒಂದೆರಡು ಎಕರೆ ಕಲ್ಲುಭೂಮಿಯಷ್ಟೇ ಇದ್ದ ದಲಿತ ಹೆಂಗಸರು. ಹಳ್ಳಿ ಹಳ್ಳಿಯಲ್ಲಿ ಅವರ ಸಂಘಗಳೇ ಮುಂದಿನ ಕೆಲಸಕ್ಕೆ ಆಧಾರವಾದುವು. ಕಾಲಕ್ರಮದಲ್ಲಿ ಸುಮಾರು ೭೫ ಹಳ್ಳಿಗಳಲ್ಲಿ ೫,೦೦೦ದಷ್ಟು ಸದಸ್ಯರು ಸೇರಿದರು.

ಮಾಲಿಸನ್ನರ ಶಾಸ್ತ್ರವನ್ನು ಈ ಭಾಗದಲ್ಲಿ ಪ್ರಚಾರಕ್ಕೆ ತಂದವರು ಹೈದರಾಬಾದಿನಲ್ಲಿ ಭಾರತದ ಪರ್ಮಾಕಲ್ಚರ್ ಸಂಘವನ್ನು ಕಟ್ಟಿದ ಡಾ. ವೆಂಕಟ್ ಮತ್ತು ಅವರ ಸಂಗಡಿಗರು. ಪಸ್ತಾಪುರದಲ್ಲಿ ಅದರ ಮಾದರಿಯ ತೋಟವೊಂದು ಎದ್ದಿತು. ಆ ಕೆಲಸದಲ್ಲಿ ಪಾಲುಗೊಂಡಿದ್ದ ನರಸನ್ನ ಕೊಪ್ಪುಲ ಅವರು ೧೯೯೯ರಲ್ಲಿ ಪದ್ಮಾ ಕೊಪ್ಪುಲ ಅವರೊಡನೆ ‘ಅರಣ್ಯ’ ಎಂಬ ಬೇರೊಂದು ಸಂಸ್ಥೆಯನ್ನು ಸ್ಥಾಪಿಸಿದರು. ಇಳಿಜಾರಿಗೆ ಅಡ್ಡ ಕಾಲುವೆ ತೋಡಿ ಮಳೆಯ ನೀರನ್ನು ಇಂಗಿಸುವುದು, ಬದುವಿನ ಮೇಲೆ ಹಸಿರೆಲೆಯ ಗಿಡಗಳನ್ನು ಬೆಳೆಸಿ ಸೊಪ್ಪನ್ನು ಹೊಲಕ್ಕೆ ಹೊದಿಸುವುದು, ಎತ್ತರದ ಮರದಿಂದ ನೆಲದ ಬಳ್ಳಿಯವರೆಗೆ ಅಂತಸ್ತು ಅಂತಸ್ತಾಗಿ ಬೆಳೆಯಿಡುವುದು ಮೊದಲಾದ ಕ್ರಮಗಳು ಹೀಗೆ ಬಳಕೆಗೆ ಬಂದುವು.

ಆದರೆ ಈ ಪ್ರಯತ್ನದ ನಿಜವಾದ ಮಹತ್ತ್ವವಿರುವುದು ಕಾಲುವೆ ತೋಡಿದುದರಲ್ಲಿ ಅಲ್ಲ. ೧೯೯೦ರ ದಶಕದ ನಡುವೆ ಸಂಘಗಳು ಹೂಡಿದ ಧಾನ್ಯನಿಧಿಯನ್ನು ಗಮನಿಸಬೇಕು. ಬೀಳುಬಿದ್ದ ಹೊಲದ ಒಡೆಯನಿಗೆ ಉಳುಮೆ, ಗೊಬ್ಬರ, ಬಿತ್ತನೆಗಳಿಗೆಂದು ಸಾಲ ಕೊಡುವುದು. ಅವನು ಅದನ್ನು ಹಣವಾಗಿ ಅಲ್ಲದೆ ಜೋಳವಾಗಿ ವರ್ಷ ವರ್ಷ ತೀರಿಸುವುದು. ಆ ಜೋಳವನ್ನು ಊರಲ್ಲಿಯೇ ಕೂಡಿಟ್ಟು, ಕೆಲಸವಿಲ್ಲದ ತಿಂಗಳುಗಳಲ್ಲಿ ಕಡುಬಡವರ ಮನೆಗಳಿಗೆ ಕಡಿಮೆ ಬೆಲೆಗೆ ಕೊಡುವುದು. ಕಡುಬಡವರು ಯಾರೆಂಬುದನ್ನು ಗೊತ್ತುಮಾಡುವವರು ಊರ ಹೆಂಗಸರೇ. ಹೊಲ, ಗೊಬ್ಬರ, ಕೂಲಿ, ಊಟ ಇವು ಮತ್ತೆ ಒಂದು ಸುತ್ತಾಗಿ ಕೂಡಿಕೊಂಡುವು. ಬೀಜದ ವಿಷಯದಲ್ಲಿಯೂ ಇದೇ ಕ್ರಮ. ಮಣ್ಣು ಸಗಣಿ ಸಾರಿಸಿದ ಬುಟ್ಟಿಗಳಲ್ಲಿ ಬೂದಿ, ಬೇವಿನ 잎ನಂತಹ ಒಣ ಎಲೆಗಳೊಡನೆ ಕಾಪಾಡಿದ ಬೀಜವನ್ನು ಬೇಕಾದವರು ಒಯ್ಯಬಹುದು. ಸುಗ್ಗಿಯ ಮೇಲೆ ಪಡೆದುದಕ್ಕಿಂತ ಹೆಚ್ಚು ಅಳೆದು ಹಿಂದಿರುಗಿಸಬೇಕು. ಸಂಕ್ರಾಂತಿಯ ಹೊತ್ತಿಗೆ ಹಳೆಯ ತಳಿಗಳ ಬೀಜಗಳನ್ನು ಸಿಂಗರಿಸಿದ ಬಂಡಿಗಳಲ್ಲಿಟ್ಟು ಊರೂರಿಗೆ ಸಾಗುವ ಹಳೆಯ ಬೆಳೆಗಳ ಜಾತ್ರೆ ಈ ಕಟ್ಟುಪಾಡಿನ ವಾರ್ಷಿಕ ಸ್ಮರಣೆ. ಮಾಲಿಸನ್ನರ ಮೂರನೆಯ ನೀತಿಯಾದ ಹಂಚಿಕೆಗೆ ಇಲ್ಲಿ ಒಂದು ನಿಯಮದ ರೂಪ ಬಂದಿತು. ಶಾಸನಕಾಲದ ಬಿತ್ತುವಟ್ಟಕ್ಕೂ ಈ ಧಾನ್ಯನಿಧಿಗೂ ಐತಿಹಾಸಿಕ ಸಂಬಂಧ ಯಾವುದೂ ಇಲ್ಲದಿದ್ದರೂ ಎರಡರ ತರ್ಕ ಒಂದೇ. ಕಾಪಾಡುವವನಿಗೆ ಬೆಳೆಯಲ್ಲಿ ಪಾಲಿರಬೇಕು.

ಈ ಪ್ರಯತ್ನದ ಮಿತಿಗಳನ್ನು ಮರೆಮಾಚುವುದು ಸಲ್ಲದು. ಸುತ್ತಣ ಹೊಲಗಳಲ್ಲಿ ಕೊಳವೆಬಾವಿಯ ಆಶ್ರಯದಿಂದ ಕಬ್ಬು, ಶುಂಠಿ ಬೆಳೆಯುವವನ ಕೈಗೆ ಬರುವ ಹಣ ಜೋಳ ಬೆಳೆಯುವವಳಿಗೆ ಬರುವುದಿಲ್ಲ. ಬೆರೆಸಿ ಬಿತ್ತಿದ ಹೊಲಕ್ಕೆ ಕೈಗೆಲಸ ಹೆಚ್ಚು. ಅದರ ಭಾರ ಹೆಂಗಸರ ಮೇಲೆಯೇ ಬೀಳುತ್ತದೆ. ಹೊರಗಿನ ಧನಸಹಾಯದ ನೆರಳಿಲ್ಲದೆ ಇಂತಹ ಸಂಸ್ಥೆಗಳು ಎಷ್ಟು ದೂರ ನಡೆದಾವೆಂಬ ಸಂದೇಹವೂ ಸಹಜವಾದುದು. ಆದರೂ ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಲ್ಲಿ ಅಕ್ಕಿ ಗೋದಿಗಳ ಜತೆಗೆ ಒರಟು ಧಾನ್ಯಗಳಿಗೂ ಸ್ಥಾನ ದೊರೆತುದು, ೨೦೧೯ರಲ್ಲಿ ಈ ಸಂಘಗಳಿಗೆ ವಿಶ್ವಸಂಸ್ಥೆಯ ಅಂಗವೊಂದು ಕೊಡುವ ಈಕ್ವೇಟರ್ ಬಹುಮಾನ ಬಂದುದು, ೨೦೨೩ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆ ಆಚರಿಸಿದುದು, ಇವು ಬಡವರ ಕಾಳೆಂದು ತಿರಸ್ಕೃತವಾಗಿದ್ದ ಬೆಳೆಗಳ ಪರವಾಗಿ ಅವರು ಬಹುಕಾಲದಿಂದ ಹೇಳುತ್ತ ಬಂದ ಮಾತಿಗೆ ದೊರೆತ ಮನ್ನಣೆಗಳಾಗಿವೆ.

ಮಣ್ಣಿನ ಮನೆ

ಹೊಲಕ್ಕೆ ಹೇಳಿದ ಮಾತು ಮನೆಗೂ ಅನ್ವಯಿಸುತ್ತದೆ. ಬಯಲುಸೀಮೆಯ ಮಾಳಿಗೆ ಮನೆಯ ಗೋಡೆ ಕಲ್ಲು ಮಣ್ಣುಗಳದು. ತೊಲೆ ಜಂತಿಗಳ ಮೇಲೆ ಕಟ್ಟಿಗೆ ಹಾಸಿ, ಸೊಪ್ಪು ಹರಡಿ, ಮೇಲೆ ಮಣ್ಣನ್ನು ದಪ್ಪವಾಗಿ ಬಡಿದು ಮೇಲ್ಮುದ್ದೆ ಮಾಡುತ್ತಾರೆ. ಬೆಳಕಿಗೂ ಹೊಗೆಗೂ ಮಾಳಿಗೆಯಲ್ಲೊಂದು ಬೆಳಕಿಂಡಿ. ದಪ್ಪ ಮಣ್ಣು ಹಗಲಿನ ಬಿಸಿಲನ್ನು ನಿಧಾನವಾಗಿ ಹೀರಿ ರಾತ್ರಿ ನಿಧಾನವಾಗಿ ಬಿಡುವುದರಿಂದ ಬೇಸಗೆಯ ನಡುಹಗಲಿನಲ್ಲಿಯೂ ಒಳಗೆ ತಂಪಿರುತ್ತದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಸವುಳುಮಣ್ಣನ್ನು ಹರಡುವ ಪದ್ಧತಿಯಲ್ಲಿ ಸೂಕ್ಷ್ಮವಾದ ಜ್ಞಾನವಿದೆ. ಆ ಮಣ್ಣಿನ ಕ್ಷಾರವು ಹುಲ್ಲು ಬೆಳೆಯಗೊಡದು. ಒದ್ದೆಯಾದಾಗ ಅದರ ನುಣುಪು ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿ ನೀರು ಇಳಿಯದಂತೆ ತಡೆಯುತ್ತವೆ. ಹೊಲಕ್ಕೆ ಶಾಪವಾದ ಮಣ್ಣು ಮನೆಗೆ ವರವಾಯಿತು. ಬಿಜಾಪುರ, ರಾಯಚೂರು ಕಡೆಗಳಲ್ಲಿ ನೆಲದೊಳಗೆ ತೋಡಿ, ಜೋಳದ ಕಣಿಕೆಯ ಒಳಪದರ ಕೊಟ್ಟು ಕಾಳು ತುಂಬುತ್ತಿದ್ದ ಹಗೇವು, ತೆಲುಗು ಸೀಮೆಯ ಪಾತರ, ಇವೂ ಇದೇ ವಿದ್ಯೆಯ ಕವಲುಗಳು. ಬರಗಾಲದ ವರ್ಷ ಹಳ್ಳಿಯನ್ನು ಬದುಕಿಸುತ್ತಿದ್ದುದು ಹಗೇವಿನ ಹಳೆಯ ಜೋಳ.

ಸವುಳುಮಣ್ಣನ್ನು ಹರಡುವ ಕೆಲಸ ಪ್ರತಿವರ್ಷವೂ ಆಗಬೇಕು. ಮನೆಯ ಗಂಡಸರು ಮುಂಗಾರಿಗೆ ಮುಂಚೆ ಊರಲ್ಲಿರಬೇಕು. ದುಡಿಮೆ ಅರಸಿ ನಗರಕ್ಕೆ ಹೋದವರ ಮನೆಗಳಲ್ಲಿ ಇದು ತಪ್ಪಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಜಂತಿ ಕೊಳೆತು ಮಾಳಿಗೆ ಕುಸಿಯಿತು. ನಗರದಿಂದ ಕಳುಹಿದ ಹಣದಿಂದ ಆ ಜಾಗದಲ್ಲಿ ತಗಡಿನ ಅಥವಾ ಕಾಂಕ್ರೀಟಿನ ಚಾವಣಿ ಎದ್ದಿತು. ಬೇಸಗೆಯಲ್ಲಿ ಅದರ ಕೆಳಗೆ ಕೂರಲಾಗದು. ಆದರೆ ಅದು ಯಾರನ್ನೂ ವರ್ಷಕ್ಕೊಮ್ಮೆ ಊರಿಗೆ ಕರೆಯುವುದಿಲ್ಲ. ಮಣ್ಣಿನ ಮನೆ ಸೋತುದು ವಿದ್ಯೆಯ ಕೊರತೆಯಿಂದಲ್ಲ, ಅದನ್ನು ಕಾಯುವ ಕೈಗಳ ಕೊರತೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ರೆಡ್ಡಿಯವರು ೧೯೭೪ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರವು ಈ ಕೊರತೆಯನ್ನು ಚೆನ್ನಾಗಿ ಅರಿತಿತ್ತು. ಕೆ. ಎಸ್. ಜಗದೀಶ್ ಮೊದಲಾದ ವಿಜ್ಞಾನಿಗಳು ಊರ ಮಣ್ಣಿಗೆ ಶೇಕಡ ೫ರಿಂದ ೮ರಷ್ಟು ಸಿಮೆಂಟನ್ನು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾಗುವ ಇಟ್ಟಿಗೆಯನ್ನು ರೂಪಿಸಿದರು. ಮಣ್ಣಿನ ಗುಣವನ್ನು ಉಳಿಸಿಕೊಂಡು ದುರಸ್ತಿಯ ಭಾರವನ್ನು ಇಳಿಸಿದುದು ಅದರ ವಿಶೇಷ.

ಇಂದಿನ ಪ್ರಶ್ನೆ

೨೦೧೭ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಪರ್ಮಾಕಲ್ಚರ್ ಸಮ್ಮೇಳನ ಹೈದರಾಬಾದಿನಲ್ಲಿ ನೆರೆಯಿತು. ಹಲವು ದೇಶಗಳಿಂದ ಬಂದ ಪ್ರತಿನಿಧಿಗಳು ಜಹೀರಾಬಾದಿನ ಬಳಿಯ ‘ಅರಣ್ಯ’ ಸಂಸ್ಥೆಯ ಹೊಲದಲ್ಲಿ ಸೇರಿ ಈ ನೆಲವನ್ನು ಕಣ್ಣಾರೆ ಕಂಡರು. ಅದಕ್ಕೆ ಹಿಂದಿನ ವರ್ಷ, ೨೦೧೬ರಲ್ಲಿಯೇ, ಇದೇ ಸೀಮೆಯ ನ್ಯಾಲಕಲ್ ಮತ್ತು ಝರಾಸಂಗಮ ಮಂಡಲಗಳಲ್ಲಿ ೧೨,೦೦೦ ಎಕರೆಗೂ ಮಿಕ್ಕ ವಿಸ್ತೀರ್ಣದ ರಾಷ್ಟ್ರೀಯ ಉದ್ಯಮ ವಲಯಕ್ಕೆ ಕೇಂದ್ರ ಸರಕಾರದ ಮಂಜೂರಾತಿ ದೊರೆತಿತ್ತು. ೨೦೨೪ರಲ್ಲಿ ಕೇಂದ್ರ ಮಂತ್ರಿಮಂಡಲ ಅನುಮೋದಿಸಿದ ಕೈಗಾರಿಕಾ ನಗರಗಳ ಪಟ್ಟಿಯಲ್ಲಿಯೂ ಜಹೀರಾಬಾದಿನ ಹೆಸರಿದೆ. ೧೯೫೬ರಲ್ಲಿ ಬೀದರ ತಾಲ್ಲೂಕಿನಿಂದ ಕತ್ತರಿಸಿ ಕೊಟ್ಟ ನ್ಯಾಲಕಲ್ ವೃತ್ತವೇ ಇದು. ಉದ್ಯೋಗ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಕಾರ್ಖಾನೆಯ ಕೂಲಿಯನ್ನು ಬಯಸುವ ಮಕ್ಕಳು ಸಂಘದ ಹೆಂಗಸರ ಮನೆಗಳಲ್ಲಿಯೂ ಇದ್ದಾರೆ. ಆದರೆ ‘ಬಂಜರು’ ಎಂದು ದಾಖಲೆಯಲ್ಲಿ ಬರೆಯಲ್ಪಟ್ಟ ದಿಣ್ಣೆಯ ಹೊಲದಲ್ಲಿ ಇಪ್ಪತ್ತು ಬಗೆಯ ಕಾಳು ಬೇಳೆ ಬೆಳೆಯಬಹುದೆಂದು ತೋರಿಸಿಕೊಟ್ಟವರ ಅನುಭವಕ್ಕೆ ಭೂಮಿಯ ಬೆಲೆಕಟ್ಟುವ ಲೆಕ್ಕದಲ್ಲಿ ಯಾವ ಅಂಕಣವೂ ಇಲ್ಲ.

ಮುಂಬಯಿ, ಪುಣೆ, ಹೈದರಾಬಾದು ನಗರಗಳ ಕಟ್ಟಡಗಳ ಕೆಲಸದಲ್ಲಿ ಇಂದು ದುಡಿಯುತ್ತಿರುವ ಕನ್ನಡ ಕೂಲಿಗಳಲ್ಲಿ ಬಹುಮಂದಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಬಿಜಾಪುರ ಜಿಲ್ಲೆಗಳ ಇಂತಹ ಹೊಲಗಳನ್ನೂ ಇಂತಹ ಮನೆಗಳನ್ನೂ ಬಿಟ್ಟು ಬಂದವರು. ಅವರಲ್ಲಿ ಹಿರಿಯರಾದವರಿಗೆ ಹಗೇವು ತೋಡುವ ಅಳತೆ, ಮಾಳಿಗೆಗೆ ಮಣ್ಣು ಆರಿಸುವ ಗುರುತು, ಅಕ್ಕಡಿ ಸಾಲಿನಲ್ಲಿ ಯಾವುದರ ಪಕ್ಕಕ್ಕೆ ಯಾವುದನ್ನು ಬಿತ್ತಬೇಕೆಂಬ ಕ್ರಮ, ಬಿತ್ತದೆಯೇ ಹೊಲದಲ್ಲಿ ಹುಟ್ಟುವ ಸೊಪ್ಪುಗಳ ಹೆಸರು ಇನ್ನೂ ತಿಳಿದಿವೆ. ಪಸ್ತಾಪುರದ ಹೆಂಗಸರು ತಮ್ಮ ಇಂತಹ ಜ್ಞಾನವನ್ನು ತಾವೇ ಚಿತ್ರೀಕರಿಸಿದ್ದಾರೆ. ೨೦೦೮ರಲ್ಲಿ ತಮ್ಮದೇ ಆದ ಸಂಘಂ ರೇಡಿಯೋವನ್ನೂ ಆರಂಭಿಸಿ ತೆಲುಗಿನಲ್ಲಿ ಅದನ್ನು ಪ್ರಸಾರ ಮಾಡಿದ್ದಾರೆ. ಗಡಿಯ ಈಚೆಗಿನ ಅದೇ ಜ್ಞಾನವನ್ನು ಕನ್ನಡದಲ್ಲಿ ಅಷ್ಟು ವಿವರವಾಗಿ ಬರೆದಿಡುವ ಕೆಲಸ ಬಾಕಿಯಿದೆ. ಅದಕ್ಕೆ ಬೇಕಾದ ಜನ ಹೊರನಾಡಿನ ಕನ್ನಡ ಸಂಘಗಳ ಬಾಗಿಲಿನಿಂದ ಬಹು ದೂರದಲ್ಲಿಲ್ಲ. ಅವೇ ನಗರಗಳ ಕಾಮಗಾರಿಯ ಬಿಡಾರಗಳಲ್ಲಿ ಇದ್ದಾರೆ.